ವಾಲ್ವ್ ರೇಡಿಯೋ: ಲಂಡನ್ನಿನಿಂದ ಜಾಲಹಳ್ಳಿಗೆ

ಈಸ್ಟ್ ಹ್ಯಾಮ್ ಸುತ್ತಮುತ್ತಲಿನ ನಮ್ಮ ಹಿರಿಯರ ಮನೆಗಳಲ್ಲಿ ಹುಡುಕಿದರೆ, ಅಟ್ಟದ ಮೇಲೆ ಹಳೆಯ ವಾಲ್ವ್ ರೇಡಿಯೋವೋ ರೇಡಿಯೋಗ್ರಾಮೋ ಇನ್ನೂ ಸಿಕ್ಕೀತು. ಮನೆ ಖಾಲಿ ಮಾಡುವಾಗ ಮಕ್ಕಳು ಅದನ್ನು ಕಸದ ಗಾಡಿಗೆ ಹಾಕಿಬಿಡುತ್ತಾರೆ. ಹಾಕುವ ಮುನ್ನ ಅದರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳಿತು. ಆ ಚರಿತ್ರೆಯ ಒಂದು ತುದಿ ಈ ಊರಿನಲ್ಲಿದ್ದರೆ ಇನ್ನೊಂದು ಬೆಂಗಳೂರಿನಲ್ಲಿದೆ.

ವಾಲ್ವ್ ಹುಟ್ಟಿದ್ದು ಲಂಡನ್ನಿನಲ್ಲಿ, 1904ರಲ್ಲಿ. ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಜಾನ್ ಆಂಬ್ರೋಸ್ ಫ್ಲೆಮಿಂಗ್ ಗಾಜಿನ ಬುರುಡೆಯೊಳಗೆ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದರು. ನೀರಿನ ಕವಾಟದಂತೆ ಕೆಲಸ ಮಾಡುವುದರಿಂದ ಇಲ್ಲಿ ಅದು ವಾಲ್ವ್, ಅಮೆರಿಕದವರಿಗೆ ಟ್ಯೂಬ್. ಆ ದೇಶದ ಲೀ ಡಿ ಫಾರೆಸ್ಟ್ 1906ರಲ್ಲಿ ಅದರೊಳಗೆ ಮೂರನೆಯ ತಂತಿಯೊಂದನ್ನು ಸೇರಿಸಿದ ಮೇಲೆ ಕ್ಷೀಣವಾದ ಧ್ವನಿಯನ್ನು ದೊಡ್ಡದು ಮಾಡುವ ಶಕ್ತಿಯೂ ಬಂತು.

ನಮ್ಮ ಊರಿನ ದಕ್ಷಿಣಕ್ಕೆ, ಥೇಮ್ಸ್ ದಂಡೆಯ ನಾರ್ತ್ ವುಲಿಚ್‌ನಲ್ಲಿ 1975ರವರೆಗೂ ಎಸ್.ಟಿ.ಸಿ. ಕಾರ್ಖಾನೆಯಿತ್ತು. ಸಮುದ್ರದಡಿಯ ಕೇಬಲ್‌ಗಳು ಅಲ್ಲಿ ತಯಾರಾಗುತ್ತಿದ್ದವು. ಅಟ್ಲಾಂಟಿಕ್ ಸಾಗರದಡಿಯ ಮೊದಲ ಟೆಲಿಫೋನ್ ಕೇಬಲ್ 1956ರಲ್ಲಿ ಆರಂಭವಾಗಿ 1978ರವರೆಗೆ ನಡೆಯಿತು. ನೀರಿನಾಳದಲ್ಲಿ ಮಾತನ್ನು ದಡ ಮುಟ್ಟಿಸುತ್ತಿದ್ದದ್ದು ವಾಲ್ವುಗಳೇ. ವಾಲ್ವ್ ಬೇಗ ಸುಟ್ಟುಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು!

ಕನ್ನಡ ನಾಡಿನಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಕೇವಲ 30 ವಾಟ್‌ನ ಟ್ರಾನ್ಸ್‌ಮಿಟರ್! ಆದರೆ ವಾಲ್ವ್ ಮಾತ್ರ ಹೊರಗಿನಿಂದಲೇ ಬರಬೇಕಾಗಿತ್ತು. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ತಂತ್ರಜ್ಞಾನ ಹಾಲೆಂಡಿನ ಫಿಲಿಪ್ಸ್ ಕಂಪನಿಯದು. ಇಲ್ಲಿನ ಮುಲ್ಲಾರ್ಡ್ ಕಂಪನಿಯೂ ಫಿಲಿಪ್ಸ್‌ನದೇ. ಹಾಗಾಗಿ ಬ್ಲ್ಯಾಕ್‌ಬರ್ನ್‌ನ ಇ.ಎಲ್.84, ಜಾಲಹಳ್ಳಿಯ ಇ.ಎಲ್.84 ದಾಯಾದಿಗಳು, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ತಮಾಷೆಯೆಂದರೆ, ಮರುವರ್ಷವೇ, 1962ರಲ್ಲಿ, ಅದೇ ಕಂಪನಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ವಾಲ್ವನ್ನು ಮೂಲೆಗೆ ತಳ್ಳಿದವನು ಅದೇ ಮನೆಯಲ್ಲಿ ಬೆಳೆದ.

ಟ್ರಾನ್ಸಿಸ್ಟರಿಗೆ ಕೆಲವೇ ವೋಲ್ಟು ಸಾಕು, ಕಾಯಬೇಕಿಲ್ಲ, ಅಗ್ಗ. ಅಳತೆಯಲ್ಲಿ ಇಂದಿನ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಶುದ್ಧ. ಹಾಗಿದ್ದೂ ವಾಲ್ವಿನ ದನಿಗೆ ಜನ ಏಕೆ ಸೋಲುತ್ತಾರೆ? ವಾಲ್ವ್ ರೇಡಿಯೋ ಸೇರಿಸುವ ವಿಕೃತಿಯಲ್ಲಿ ಎರಡನೆಯ ಹಾರ್ಮೋನಿಕ್ಕಿನ ಪಾಲು ದೊಡ್ಡದು. ಅದು ಮಧ್ಯ ಷಡ್ಜಕ್ಕೆ ತಾರ ಷಡ್ಜ ಸೇರಿದಂತೆ. ತಂಬೂರಿಗೆ ಪಳಗಿದ ನಮ್ಮ ಕಿವಿಗೆ ತಪ್ಪೆಂದು ತೋರುವುದೇ ಇಲ್ಲ. ಆರಂಭದ ಟ್ರಾನ್ಸಿಸ್ಟರ್ ಸೆಟ್ಟುಗಳಾದರೋ ಮೆಲುದನಿಯಲ್ಲೇ ಕರಕರ ಎನ್ನುತ್ತಿದ್ದವು. ಮರದ ದೊಡ್ಡ ಪೆಟ್ಟಿಗೆಗೂ ಅಗಲವಾದ ಸ್ಪೀಕರಿಗೂ ಸಲ್ಲಬೇಕಾದ ಕೀರ್ತಿಯನ್ನು ವಾಲ್ವೊಂದೇ ಹೊಡೆದುಕೊಂಡಿದೆ ಎಂಬುದೂ ನಿಜವೇ.

ಅಟ್ಟದಿಂದ ಇಳಿಸಿದ ಸೆಟ್ಟನ್ನು ಆತುರದಿಂದ ಪ್ಲಗ್ಗಿಗೆ ಹಾಕಬೇಡಿ. ಒಳಗೆ 250 ವೋಲ್ಟಿಗೂ ಮಿಕ್ಕ ಒತ್ತಡವಿರಬಹುದು. ಹಳೆಯ ಕಂಡೆನ್ಸರುಗಳು ಕೆಟ್ಟಿದ್ದರೆ ಬೆಂಕಿಯ ಭಯ. ಬಲ್ಲವರಿಗೆ ತೋರಿಸಿ. ಅವರು ಹಿಂಬದಿಯ ಹಲಗೆ ಬಿಚ್ಚಿದಾಗ ವಾಲ್ವಿನ ಗಾಜಿನ ಮೇಲಿನ ಅಕ್ಷರಗಳನ್ನು ಮಕ್ಕಳಿಂದ ಓದಿಸಿ. ಊರಿನಿಂದ ಬಂದ ಸೆಟ್ಟಾದರೆ ಅಲ್ಲಿ ‘ಬಿ.ಇ.ಎಲ್.’ ಎಂದಿದ್ದರೂ ಇದ್ದೀತು.