ಚುಕ್ಕೆ, ಗೆರೆ ಮತ್ತು ನಮ್ಮ ಮಕ್ಕಳು

ಊರು ಬಿಟ್ಟು ಬಂದ ನಮ್ಮ ಹಿರಿಯರ ಕಾಲದಲ್ಲಿ ಬಾಗಿಲಿಗೆ ತಂತಿಯವನು ಬಂದನೆಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತಿತ್ತು. ಲಕೋಟೆ ಒಡೆಯುವ ಮೊದಲೇ ಹೆಂಗಸರು ದೇವರ ಮುಂದೆ ತುಪ್ಪದ ದೀಪದ ಹರಕೆ ಹೊರುತ್ತಿದ್ದರು. 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. ಇಂದಿನ ಮಕ್ಕಳಿಗೆ ತಂತಿಯೆಂದರೆ ವಿದ್ಯುತ್ ತಂತಿಯಷ್ಟೇ. ಆದರೆ ಅದರ ಹಿಂದಿದ್ದ ಭಾಷೆ ಸತ್ತಿಲ್ಲ.

1825ರಲ್ಲಿ ಅಮೆರಿಕದ ಚಿತ್ರಕಾರ ಸ್ಯಾಮ್ಯುಯೆಲ್ ಮೋರ್ಸ್ ಕೆಲಸದ ಮೇಲೆ ವಾಷಿಂಗ್ಟನ್ನಿನಲ್ಲಿದ್ದ. ಅತ್ತ ನ್ಯೂ ಹೇವನ್ನಿನಲ್ಲಿ ಅವನ ಹೆಂಡತಿ ತೀರಿಕೊಂಡಳು. ಕಾಗದ ತಲುಪಿ, ಅವನು ಊರು ಸೇರುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ದೂರದ ಊರಿನಲ್ಲಿ ದುಡಿಯುವವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ಮೋರ್ಸ್ 1832ರಲ್ಲಿ ಹಡಗಿನ ಪ್ರಯಾಣದಲ್ಲಿ ವಿದ್ಯುತ್ ತಂತಿಯ ಯೋಚನೆಗೆ ತೊಡಗಿದ. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಕಳುಹಿಸಿದ.

ಅವನ ಲಿಪಿಯಲ್ಲಿರುವುದು ಎರಡೇ ಗುರುತು: ಚುಕ್ಕೆ ಮತ್ತು ಗೆರೆ. ಗೆರೆಯ ಉದ್ದ ಮೂರು ಚುಕ್ಕೆಗಳಷ್ಟು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಇ' ಅಕ್ಷರಕ್ಕೆ ಒಂದೇ ಚುಕ್ಕೆ, 'ಟಿ'ಗೆ ಒಂದೇ ಗೆರೆ. ಮುದ್ರಣಾಲಯದಲ್ಲಿ ಯಾವ ಅಕ್ಷರದ ಅಚ್ಚುಮೊಳೆಗಳು ಹೆಚ್ಚಿವೆಯೆಂದು ನೋಡಿ ಹಂಚಿದ ಲೆಕ್ಕವಿದು.

ಮುಂದೆ ತಂತಿಯೂ ಬೇಡವಾಯಿತು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ನಿಸ್ತಂತು ಅಲೆಗಳು ಗೋಡೆ ದಾಟಿ ಹೋಗುವುದನ್ನು ತೋರಿಸಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆ ಕೇಳಿಸಿಕೊಂಡದ್ದು ಮೂರೇ ಚುಕ್ಕೆ, 'ಎಸ್' ಅಕ್ಷರ. ಇದನ್ನು ಕೇಳಿದ ಜಗತ್ತಿನ ಉತ್ಸಾಹಿಗಳು ಮನೆಯಲ್ಲೇ ಯಂತ್ರ ಕಟ್ಟತೊಡಗಿದರು. ಸಂಬಳಕ್ಕಲ್ಲ, ಸಂತೋಷಕ್ಕೆ. ಇವರೇ ಹವ್ಯಾಸಿ ರೇಡಿಯೋದವರು, 'ಹ್ಯಾಮ್'ಗಳು. ಭಾರತದಲ್ಲಿ 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಈ ದಾರಿ ತೆರೆದರು.

ನಮ್ಮ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ನಡೆಸಿದರು. ಅದರ ಹೆಸರು 'ಆಕಾಶವಾಣಿ'. ಇಂದು ದೇಶವೆಲ್ಲ ಹೇಳುವ ಹೆಸರು ಮೈಸೂರಿನ ಒಂದು ಮನೆಯಿಂದ ಬಂದದ್ದೆಂದು ನಮ್ಮ ಮಕ್ಕಳಿಗೆ ತಿಳಿದಿರಲಿ. 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು ಗುಪ್ತವಾಗಿ ನಡೆಸಿದ 'ಕಾಂಗ್ರೆಸ್ ರೇಡಿಯೋ'ಕ್ಕೆ ಪ್ರಸಾರ ಯಂತ್ರ ಸಿದ್ಧಪಡಿಸಿದವರು ನಾರಿಮನ್ ಪ್ರಿಂಟರ್ ಎಂಬ ಹವ್ಯಾಸಿ. ಆಗಸ್ಟಿನಿಂದ ನವೆಂಬರಿನವರೆಗೆ ಆ ದನಿ ಪೊಲೀಸರ ಕಣ್ಣು ತಪ್ಪಿಸಿ ಕೇಳಿಸಿತು.

ಕೈಯಲ್ಲಿ ಮೊಬೈಲಿರುವಾಗ ಈ ಹಳೆಯ ವಿದ್ಯೆ ಏಕೆಂದು ಯಾರಾದರೂ ಕೇಳಬಹುದು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಹವ್ಯಾಸಿಗಳ ತಂಡವೊಂದು ಅಂಡಮಾನಿಗೆ ಹೋಗಿತ್ತು. ದೂರದೇಶದ ಗೆಳೆಯರೊಡನೆ ಮಾತಾಡುವುದೇ ಅವರ ಉದ್ದೇಶ. 26ರ ಬೆಳಿಗ್ಗೆ ಸುನಾಮಿ ಬಂತು. ದೂರವಾಣಿಗಳು ಮೂಕವಾದಾಗ ಇವರ ರೇಡಿಯೋ ಮಾತಾಡಿತು. ದ್ವೀಪದಲ್ಲಿದ್ದವರ ಕ್ಷೇಮ ಸಮಾಚಾರ ಹೊರನಾಡಿನ ಬಂಧುಗಳಿಗೆ ಮುಟ್ಟಿದ್ದು ಹವ್ಯಾಸದಿಂದ ಕಲಿತ ವಿದ್ಯೆಯಿಂದ.

ಹ್ಯಾಮ್ ಆಗಲು ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲೇ ಹೋಯಿತು. ಆದರೂ ಕಲಿಯುವವರಿದ್ದಾರೆ, ಮಾತು ಗದ್ದಲದಲ್ಲಿ ಮುಳುಗಿದಾಗಲೂ ಈ ಚುಕ್ಕೆ ಗೆರೆಗಳು ಕಿವಿಗೆ ಸಿಗುತ್ತವೆ. ಪ್ರಸಾರ ಮಾಡಲು ಪರೀಕ್ಷೆ ಕೊಟ್ಟು ಸರ್ಕಾರದ ಪರವಾನಗಿ ಪಡೆಯಬೇಕು. ಲಿಪಿ ಕಲಿಯಲು ಒಂದು ಬ್ಯಾಟರಿ, ಒಂದು ಬಜರ್, ಎರಡು ತುಂಡು ತಂತಿ ಸಾಕು. ಅದೂ ಇಲ್ಲದಿದ್ದರೆ ಟಾರ್ಚು.

ಪಾಲಕರಲ್ಲಿ ನಮ್ಮದೊಂದು ಬಿನ್ನಹ. ರಜೆಯ ಸಂಜೆ ಎದುರುಬದುರು ಬಾಲ್ಕನಿಗಳಲ್ಲಿ ಮಕ್ಕಳ ಕೈಗೆ ಟಾರ್ಚು ಕೊಡಿ. ಮೊದಲ ಪಾಠಕ್ಕೆ 'ಊಟ' ಎಂಬ ಪದವಿರಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಓ, ಓ, ಟಿ, ಎ. ಮೂರು ಗೆರೆ, ಮತ್ತೆ ಮೂರು ಗೆರೆ, ಒಂದು ಗೆರೆ, ಕೊನೆಗೆ ಒಂದು ಚುಕ್ಕೆ ಒಂದು ಗೆರೆ. ಲಿಪಿ ಹೊರಗಿನದಾದರೇನು, ಕರೆ ಕನ್ನಡದ್ದು. ಎದುರು ಮನೆಯ ಮಗು ಅದನ್ನು ಓದಿ ಕೈತೊಳೆದು ಬಂದರೆ ಪಾಠ ಸಾರ್ಥಕವಾಯಿತೆಂದೇ ತಿಳಿಯೋಣ.