ತಮಾಷೆ ಮಾಡೋ ಹಕ್ಕು ಯಾರಿಗೆ?



ಇವತ್ತು ಮಧ್ಯಾಹ್ನ ಆಫೀಸಲ್ಲಿ ಒಬ್ಬರು ಮೀಸಲಾತಿ ಮೇಲಿನ ಜೋಕಿನ ವಿಡಿಯೋ ತೋರಿಸಿ ನಕ್ಕರು. "ತಮಾಷೆ ಕಣ್ರೀ, ಸೀರಿಯಸ್ಸಾಗಿ ತಗೋಬೇಡಿ" ಅಂದರು. ನನಗೆ 1968ರ ಅಮೆರಿಕ ನೆನಪಾಯ್ತು.

ಅದು ಅಧ್ಯಕ್ಷೀಯ ಚುನಾವಣೆಯ ವರ್ಷ. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಅಭ್ಯರ್ಥಿ ನಿಕ್ಸನ್ 'ಲಾಫ್-ಇನ್' ಎಂಬ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಕೆಲವೇ ಸೆಕೆಂಡು ಬಂದು ಒಂದು ಸಾಲು ಹೇಳಿ ಹೋದ. ಬಿಗುಮಾನದ ಮನುಷ್ಯ ಜನರಿಗೆ ನಮ್ಮವನೇ ಅನ್ನೋ ಹಾಗೆ ಕಂಡ.

ಅದೇ ಚುನಾವಣೆಗೆ ಕಪ್ಪು ಹಾಸ್ಯಗಾರ ಡಿಕ್ ಗ್ರೆಗರಿಯವರೂ ನಿಂತಿದ್ದರು. ವರ್ಣಭೇದವನ್ನು ವೇದಿಕೆ ಮೇಲೆ ನಗುನಗುತ್ತಲೇ ಬಯಲಿಗೆಳೆದವರು. ಪ್ರಚಾರಕ್ಕೆ ಡಾಲರ್ ನೋಟಿನಂಥ ಕರಪತ್ರ ಹಾಕಿಸಿದರು. ವಾಷಿಂಗ್ಟನ್ ಜಾಗದಲ್ಲಿ ತಮ್ಮದೇ ಮುಖ! ಸರ್ಕಾರ ಅದನ್ನು ಜಪ್ತಿ ಮಾಡಿತು. ಅವರಿಗೆ ಸಿಕ್ಕಿದ್ದು ಸುಮಾರು 47 ಸಾವಿರ ಮತ. ನಿಕ್ಸನ್ ಗೆದ್ದ.

ಒಬ್ಬನ ತಮಾಷೆ ದೇಶಕ್ಕೆಲ್ಲ ಪ್ರಸಾರ, ಇನ್ನೊಬ್ಬರದು ಜಪ್ತಿ. ನಮ್ಮಲ್ಲೂ ನೋಟಿನ ಮೇಲೆ ಬಾಬಾಸಾಹೇಬರ ಚಿತ್ರ ಬರಲಿ ಅಂದ್ರೆ ನಗೋರಿದ್ದಾರೆ.

ನಗೋಣ, ಬೇಡ ಅನ್ನಲ್ಲ. ಆದ್ರೆ ತುಳಿದವರನ್ನು ನೋಡಿ ನಗೋಣ, ತುಳಿಸಿಕೊಂಡವರನ್ನಲ್ಲ. ನಾಳೆ ಊಟದ ಹೊತ್ತಲ್ಲಿ ಈ ಡಾಲರ್ ಕತೆ ಹೇಳ್ತೀನಿ. ಯಾರ್ ಯಾರು ನಗ್ತಾರೆ ನೋಡೋಣ.