ಹಾರ್ಡ್ ಡಿಸ್ಕ್ ಕೇಬಲ್: ಆಯ್ಕೆ, ಜೋಡಣೆ, ಟರ್ಮಿನೇಷನ್

ಕಂಪ್ಯೂಟರ್ ಆನ್ ಮಾಡಿದಾಗ ಹಾರ್ಡ್ ಡಿಸ್ಕ್ ಕಾಣಿಸದಿದ್ದರೆ ‘ಡಿಸ್ಕ್ ಹೋಯ್ತು’ ಎಂದು ತೀರ್ಮಾನಿಸುವವರೇ ಹೆಚ್ಚು. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಕೇಬಲ್ ಸಡಿಲಗೊಂಡಿದ್ದರೂ ಕೆಟ್ಟಿದ್ದರೂ ಲಕ್ಷಣ ಅದೇ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಹೋಬಳಿ ಊರಿನಿಂದ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಎಸ್.ಪಿ. ರಸ್ತೆ ಸುಮಾರು 200 ಕಿ.ಮೀ. ದೂರ. ಅಷ್ಟು ದೂರದಿಂದ ಹೊಸ ಡಿಸ್ಕ್ ತರಿಸುವ ಮೊದಲು ಕೇಬಲನ್ನು ಪರೀಕ್ಷಿಸುವುದು ಜಾಣತನ.

ಐಡಿಇ ಪಟ್ಟಿ ಕೇಬಲ್

ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಬಂದದ್ದು 2000ನೇ ಇಸವಿಯ ಆಸುಪಾಸಿನಲ್ಲಿ. ಆಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಇದ್ದದ್ದು ಅಗಲವಾದ, ಚಪ್ಪಟೆಯಾದ ಐಡಿಇ ಕೇಬಲ್. ಅಂಥ ಯಂತ್ರಗಳಿಂದ ಹಳೆಯ ಫೋಟೊ, ಲೆಕ್ಕಪತ್ರ ತೆಗೆಯಬೇಕಾದವರಿಗೆ ಇದು ಈಗಲೂ ಎದುರಾಗುತ್ತದೆ.

ಕನೆಕ್ಟರಿನಲ್ಲಿ 40 ಪಿನ್. ಕೇಬಲಿನಲ್ಲಿ ಮಾತ್ರ 40 ಎಳೆಯದು, 80 ಎಳೆಯದು ಎಂದು ಎರಡು ಬಗೆ. ಸೆಕೆಂಡಿಗೆ 33 ಮೆಗಾಬೈಟ್ ಮೀರಿದ ವೇಗಕ್ಕೆ 80 ಎಳೆಯದೇ ಬೇಕು. ಹೆಚ್ಚುವರಿ 40 ಎಳೆಗಳು ಗ್ರೌಂಡ್ ಆಗಿದ್ದು, ಒಂದು ಎಳೆಯ ಸಂಕೇತ ಪಕ್ಕದ್ದರೊಳಗೆ ನುಸುಳದಂತೆ ತಡೆಯುತ್ತವೆ. ಉದ್ದ 46 ಸೆಂ.ಮೀ. ದಾಟಬಾರದು.

80 ಎಳೆಯ ಕೇಬಲಿನಲ್ಲಿ ನೀಲಿ ಕನೆಕ್ಟರ್ ಮದರ್‌ಬೋರ್ಡಿಗೆ, ತುದಿಯ ಕಪ್ಪು ಮಾಸ್ಟರ್ (ಮೊದಲ) ಡಿಸ್ಕಿಗೆ, ನಡುವಿನ ಬೂದು ಸ್ಲೇವ್ (ಎರಡನೇ) ಡಿಸ್ಕಿಗೆ. ಅಂಚಿನ ಕೆಂಪು ಗೆರೆ 1ನೇ ಪಿನ್‌ನ ಕಡೆ ಇರಬೇಕು. ಡಿಸ್ಕ್ ಒಂದೇ ಇದ್ದರೆ ತುದಿಗೇ ಹಾಕಬೇಕು. ನಡುವಿಗೆ ಹಾಕಿ ಉಳಿದ ತುಂಡನ್ನು ಖಾಲಿ ಬಿಟ್ಟರೆ ಸಂಕೇತ ಕೆಡುತ್ತದೆ. 40 ಎಳೆಯ ಪಟ್ಟಿಗೆ ಕನೆಕ್ಟರನ್ನು ಒತ್ತಿ ಕೂರಿಸಿ ಕೇಬಲ್ ಮಾಡಿಕೊಳ್ಳಬಹುದು. ಒಳಗಿನ ಚೂಪು ಹಲ್ಲುಗಳು ಎಳೆಯ ಸಿಪ್ಪೆ ಸೀಳಿ ತಾಮ್ರವನ್ನು ಹಿಡಿಯುತ್ತವೆ. 80 ಎಳೆಯದರ ಕನೆಕ್ಟರ್ ಬೇರೆ ರಚನೆಯದಾದ್ದರಿಂದ ಅದನ್ನು ಸಿದ್ಧವಾಗಿಯೇ ಕೊಳ್ಳಬೇಕು.

ಸ್ಕಸಿ: ಎರಡು ತುದಿಗೆ ಎರಡು ಟರ್ಮಿನೇಟರ್

1986ರಲ್ಲಿ ಮಾನಕವಾಗಿ ರೂಪುಗೊಂಡ ಸ್ಕಸಿ, ಹಳೆಯ ಸರ್ವರ್‌ಗಳಲ್ಲಿ ಬಳಕೆಯಲ್ಲಿದ್ದ ಕೇಬಲ್. ಒಂದೇ ತಂತಿಯ ಮೇಲೆ ಸಾಲಾಗಿ ಹಲವು ಡಿಸ್ಕುಗಳು ಕೂರುತ್ತವೆ. ತೋಟದ ಕಾಲುವೆಯಲ್ಲಿ ಹರಿದ ನೀರು ಮುಚ್ಚಿದ ಕೊನೆಗೆ ಬಡಿದು ಹಿಂದಕ್ಕೆ ಅಲೆಯಾಗಿ ಬರುವಂತೆ, ವಿದ್ಯುತ್ ಸಂಕೇತವೂ ತಂತಿಯ ತುದಿಗೆ ಬಡಿದು ಹಿಂದಿರುಗುತ್ತದೆ. ಹಾಗೆ ಬಂದದ್ದು ಮುಂದಿನ ಸಂಕೇತದೊಂದಿಗೆ ಬೆರೆತು ದತ್ತಾಂಶವನ್ನು ಕೆಡಿಸುತ್ತದೆ. ಅದನ್ನು ಹೀರಿಕೊಳ್ಳಲು ಹಾಕುವ ರೆಸಿಸ್ಟರ್ ಜೋಡಣೆಯೇ ಟರ್ಮಿನೇಟರ್.

ಸಾಲಿನ ಎರಡೂ ಕೊನೆಗೆ ಒಂದೊಂದು ಟರ್ಮಿನೇಟರ್ ಇರಬೇಕು, ನಡುವೆ ಒಂದೂ ಇರಕೂಡದು. ಸಾಮಾನ್ಯವಾಗಿ ಕಂಟ್ರೋಲರ್ ಕಾರ್ಡ್ ಒಂದು ಕೊನೆಯಾಗಿರುತ್ತದೆ. ಅದಕ್ಕೆ ಒಳಗೂ ಹೊರಗೂ ಕೇಬಲ್ ಜೋಡಿಸಿದರೆ ಕಾರ್ಡ್ ನಡುವಿಗೆ ಬಂದಂತಾಗುತ್ತದೆ, ಆಗ ಅದರ ಟರ್ಮಿನೇಷನ್ ಬಂದ್ ಮಾಡಬೇಕು. ಹಳೆಯ ಡಿಸ್ಕುಗಳಲ್ಲೂ ಟರ್ಮಿನೇಷನ್ ಆನ್ ಅಥವಾ ಬಂದ್ ಮಾಡಲು ಜಂಪರ್ ಇರುತ್ತಿತ್ತು. ನಂತರದ ಎಲ್‌ವಿಡಿ ಬಗೆಯ ಡಿಸ್ಕುಗಳಲ್ಲಿ ಟರ್ಮಿನೇಟರ್ ಇಲ್ಲದ್ದರಿಂದ ಕೇಬಲಿನ ತುದಿಗೇ ಪ್ರತ್ಯೇಕವಾಗಿ ಸಿಕ್ಕಿಸಬೇಕು. ಎಲ್‌ವಿಡಿ ಕೇಬಲ್ 12 ಮೀಟರ್‌ವರೆಗೆ ಹೋಗಬಲ್ಲದು. ಪ್ರತಿ ಡಿಸ್ಕಿಗೂ ಬೇರೆ ಬೇರೆ ಐಡಿ ಸಂಖ್ಯೆ ಕೊಡುವುದು ಕಡ್ಡಾಯ.

ಸಾಟಾ: ಒಂದು ಡಿಸ್ಕಿಗೆ ಒಂದು ಕೇಬಲ್

ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು ಸಾಟಾ. ಒಂದು ಕೇಬಲಿಗೆ ಒಂದೇ ಡಿಸ್ಕ್; ಟರ್ಮಿನೇಷನ್ ಚಿಪ್‌ಗಳ ಒಳಗೇ ಇರುವುದರಿಂದ ಮಾಸ್ಟರ್, ಸ್ಲೇವ್, ಟರ್ಮಿನೇಟರ್ ಯಾವುದರ ಗೊಡವೆಯೂ ಇಲ್ಲ. ದತ್ತಾಂಶಕ್ಕೆ 7 ಸಂಪರ್ಕಗಳ ಕೇಬಲ್, ವಿದ್ಯುತ್ತಿಗೆ 15 ಸಂಪರ್ಕಗಳದ್ದು. ಗರಿಷ್ಠ ಉದ್ದ 1 ಮೀಟರ್. ಇದನ್ನು ಕತ್ತರಿಸಿ ಕೈಯಲ್ಲಿ ಬೆಸುಗೆ ಹಾಕುವುದು ಬೇಡ. ಸೆಕೆಂಡಿಗೆ 6 ಗಿಗಾಬಿಟ್ ವೇಗದಲ್ಲಿ ಅಂಥ ಜೋಡಣೆ ನಂಬಿಕೆಗೆ ಅರ್ಹವಲ್ಲ.

ಇದರ ದೌರ್ಬಲ್ಯ ಕನೆಕ್ಟರಿನಲ್ಲಿದೆ. ಕಂಪ್ಯೂಟರ್ ಒಳಗಿನ ಸಾಟಾ ಕನೆಕ್ಟರನ್ನು ವಿನ್ಯಾಸಗೊಳಿಸಿರುವುದು ಸುಮಾರು 50 ಸಲ ಸಿಕ್ಕಿಸಿ ತೆಗೆಯುವುದಕ್ಕೆ. ಮತ್ತೆ ಮತ್ತೆ ಕಿತ್ತು ಹಾಕಿದರೆ ಹಿಡಿತ ಸಡಿಲಾಗುತ್ತದೆ. ಲೋಹದ ಕ್ಲಿಪ್ ಇರುವ ಕೇಬಲ್ ಇದಕ್ಕೆ ಉತ್ತಮ. ಎಲ್ ಆಕಾರದ ತೋಡು ಹೊಂದಿಕೆಯಾದಾಗ ಮಾತ್ರ ಒತ್ತಬೇಕು. ಕೇಬಲನ್ನು ಚೂಪಾಗಿ ಮಡಚಬಾರದು.

ದೋಷ ಯಾರದ್ದು?

ದೋಷ ಕೇಬಲಿನದೋ ತನ್ನದೋ ಎಂಬುದನ್ನು ಡಿಸ್ಕೇ ಹೇಳುತ್ತದೆ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ‘ಸ್ಮಾರ್ಟ್’ ದಾಖಲೆಯನ್ನು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶಗಳು ಉಚಿತವಾಗಿ ತೋರಿಸುತ್ತವೆ. ಹಲವು ಡಿಸ್ಕುಗಳಲ್ಲಿ 199 ಎಂಬ ಐಡಿ ಸಂಖ್ಯೆಯ ಸಾಲು ಸಿಆರ್‌ಸಿ ದೋಷಗಳ ಎಣಿಕೆ, ಅಂದರೆ ಕೇಬಲಿನ ದಾರಿಯಲ್ಲಿ ಕೆಟ್ಟ ದತ್ತಾಂಶದ ಲೆಕ್ಕ. 5 ಮತ್ತು 197 ಸಂಖ್ಯೆಯ ಸಾಲುಗಳು ಡಿಸ್ಕಿನ ತಟ್ಟೆಯ ಮೇಲಿನ ಕೆಟ್ಟ ಜಾಗಗಳದ್ದು. ಇವೆರಡರಲ್ಲಿ ಸೊನ್ನೆ ಇದ್ದು 199 ಮಾತ್ರ ಏರುತ್ತಿದ್ದರೆ ಮೊದಲ ಅನುಮಾನ ಕೇಬಲಿನ ಮೇಲೆ. ಕೇಬಲ್ ಬದಲಿಸಿದ ಮೇಲೂ ಹಳೆಯ ಎಣಿಕೆ ಅಳಿಸಿಹೋಗುವುದಿಲ್ಲ. ಅದು ಏರುವುದು ನಿಂತರೆ ರೋಗ ವಾಸಿಯಾದಂತೆ. 5, 197 ಏರುತ್ತಿದ್ದರೆ, ಅಥವಾ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಕೊಳ್ಳುವಾಗ

ಹಳೆಯ ಕೇಬಲನ್ನೇ ಅಂಗಡಿಗೆ ಒಯ್ದು ತೋರಿಸಿದರೆ ಗೊಂದಲವಿಲ್ಲ. ಬೇಕಾದಷ್ಟೇ ಉದ್ದದ್ದು ಸಾಕು. ಸಾಟಾ ಕೇಬಲಿನ ಮೇಲೆ ಎರಡನೇ, ಮೂರನೇ ಪೀಳಿಗೆ ಎಂದು ಬರೆದಿರುವುದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ. ಒಳ್ಳೆಯ ಕೇಬಲ್ ಎಲ್ಲ ವೇಗಕ್ಕೂ ನಡೆಯುತ್ತದೆ. ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಪರಿವರ್ತಿಸುವ ಅಡಾಪ್ಟರ್ ಕೊಳ್ಳುವುದಾದರೆ ವಿದ್ಯುತ್ ಕೊಡುವ ಪ್ರತ್ಯೇಕ ಅಡಾಪ್ಟರ್ ಜೊತೆಗಿದೆಯೇ ನೋಡಿ, 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಮಾಮೂಲಿ ಯುಎಸ್‌ಬಿ ಕೊಡುವುದು 5 ವೋಲ್ಟ್. ಯಾವುದೇ ಕೇಬಲ್ ಬಿಚ್ಚುವ ಮೊದಲು ಕಂಪ್ಯೂಟರನ್ನು ಪ್ಲಗ್‌ನಿಂದಲೇ ತೆಗೆಯಿರಿ, ಡಿಸ್ಕ್ ಕಾಣಿಸಿದ ಕೂಡಲೇ ಮುಖ್ಯ ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ.